ನದಿ ದಂಡೆಯ ಗರಸು ದಾರಿಯಲ್ಲಿ ಸೈಕಲ್ ಸವಾರಿ: ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

‘ಬಾದಾಮಿಯಿಂದ ಕೂಡಲಸಂಗಮದವರೆಗೆ ಹೊಳೆ ದಂಡೆಗುಂಟ ಗ್ರಾವೆಲ್ ಸೈಕ್ಲಿಂಗ್! ದಾರಿ ಪೂರ್ತಿ ಸಮತಟ್ಟು, ನದಿಯ ತಂಪು ಗಾಳಿ, ವರ್ಷದ ಯಾವ ದಿನವಾದರೂ ಹೋಗಬಹುದು. ಬಿಸಿಲಿಗೆ ಹೆದರಬೇಡಿ, ಜೇಬಿನಲ್ಲಿ ಒಂದು ಈರುಳ್ಳಿ ಇಟ್ಟುಕೊಂಡರೆ ಸಾಕು. ಎಲ್ಲ ಗ್ರೂಪ್‌ಗಳಿಗೂ ಕಳಿಸಿ.’

ಈ ಧಾಟಿಯ ಸಂದೇಶವೊಂದು ನಮ್ಮ ಮೊಬೈಲ್‌ಗೂ ಬಂತು. ಓದಿ ಸುಮ್ಮನಿರಲಿಲ್ಲ, ನಂಬಿ ಹೊರಟೆವು. ಮಾರ್ಚ್ ಕೊನೆಯ ವಾರ, ಇಬ್ಬರೇ. ಬಾದಾಮಿಯ ಗುಹೆಗಳನ್ನು ನೋಡಿಕೊಂಡು ಸೈಕಲ್ ಏರುವಾಗ ಬೆಳಿಗ್ಗೆ ಹತ್ತು ಗಂಟೆ ಸಮೀಪಿಸಿತ್ತು. ಪಟ್ಟದಕಲ್ಲು ದಾಟಿ ಐಹೊಳೆಯ ಕಡೆ ಹೋಗುವಾಗ ನಮ್ಮಲ್ಲೊಬ್ಬರಿಗೆ ತಲೆನೋವು ಶುರುವಾಯಿತು. ಆಮೇಲೆ ವಾಂತಿ, ಆಮೇಲೆ ಕಾಲಲ್ಲಿ ನಡುಕ. ದಾರಿ ಬದಿಯ ಮನೆಯೊಂದರ ಬೇವಿನ ಮರದ ಕೆಳಗೆ ಕುಸಿದು ಕೂತಾಗ ಒಳಗಿಂದ ಅಜ್ಜಿಯೊಬ್ಬರು ಬಂದರು. ತಂಬಿಗೆ ನೀರು ತಂದು ತಲೆಗೆ, ಕುತ್ತಿಗೆಗೆ ಸುರಿದರು. ಒದ್ದೆ ಬಟ್ಟೆ ಹೊದಿಸಿದರು. ಜೇಬಿನಿಂದ ಉರುಳಿ ಬಿದ್ದ ಈರುಳ್ಳಿ ನೋಡಿ, ‘ಜೇಬಿನ್ಯಾಗ ಉಳ್ಳಾಗಡ್ಡಿ ಇಟಗೊಂಡೀರಿ, ತಲಿ ಮ್ಯಾಲ ಒಂದ್ ವಸ್ತ್ರ ಇಲ್ಲಲ್ಲೋ ತಮ್ಮಾ’ ಎಂದರು.

ಸಂದೇಶದ ಒಂದೊಂದು ಸಾಲನ್ನೂ ಪರೀಕ್ಷಿಸಬೇಕು ಎಂದು ನಮಗೆ ಅನ್ನಿಸಿದ್ದು ಆ ಮರದ ಕೆಳಗೇ. ಬನ್ನಿ, ಒಂದೊಂದಾಗಿ ನೋಡೋಣ.

ಗ್ರಾವೆಲ್ ಸೈಕ್ಲಿಂಗ್ ಎಂದರೇನು?

ಡಾಂಬರು ಇಲ್ಲದ, ಆದರೆ ಬೆಟ್ಟಗುಡ್ಡದ ಕಾಲುದಾರಿಯಷ್ಟು ಕಠಿಣವೂ ಅಲ್ಲದ ರಸ್ತೆಯಲ್ಲಿ ದೂರದ ಸೈಕಲ್ ಸವಾರಿ ಮಾಡುವುದೇ ಗ್ರಾವೆಲ್ ಸೈಕ್ಲಿಂಗ್. ಇದಕ್ಕೆಂದೇ ಅಗಲ ಟೈರಿನ, ಬಾಗಿದ ಹ್ಯಾಂಡಲ್‌ನ ಸೈಕಲ್‌ಗಳು ಮಾರುಕಟ್ಟೆಗೆ ಬಂದಿವೆ. ಹೆಸರು ಹೊಸದು. ಆದರೆ ಬಾಗಲಕೋಟೆ ಜಿಲ್ಲೆಯವರಿಗೆ ದಾರಿ ಹೊಸದಲ್ಲ. ಇಲ್ಲಿ ಅದಕ್ಕೆ ಗರಸು ರಸ್ತೆ ಎನ್ನುತ್ತಾರೆ. ಹೊಲದ ನಡುವೆ ಹೋದರೆ ಅದು ಚಕ್ಕಡಿ ದಾರಿ.

2006–07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುಮಾಡಿತು. ಆಮೇಲೆ ಎಷ್ಟೋ ಊರುಗಳ ಹುಡುಗ ಹುಡುಗಿಯರು ಹೈಸ್ಕೂಲಿಗೆ ಹೋಗಿ ಬಂದಿದ್ದು ಇಂಥ ರಸ್ತೆಗಳಲ್ಲೇ. ಅವರ್‍ಯಾರೂ ಅದನ್ನು ಗ್ರಾವೆಲ್ ಸೈಕ್ಲಿಂಗ್ ಎಂದು ಕರೆಯಲಿಲ್ಲ, ಅಷ್ಟೆ.

ದಾರಿ ಹೇಗಿದೆ?

ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಈ ಮೂರು ನದಿಗಳು ಬಾಗಲಕೋಟೆ ಜಿಲ್ಲೆಯಲ್ಲಿ ಹರಿಯುತ್ತವೆ. 1997ರಲ್ಲಿ ವಿಜಯಪುರದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ಸವಾರಿಯನ್ನು ನಾಲ್ಕು ತುಂಡುಗಳಾಗಿ ನೋಡುವುದು ಒಳ್ಳೆಯದು. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋದಂತೆ ಚಕ್ರದ ಕೆಳಗಿನ ನೆಲವೇ ಬದಲಾಗುತ್ತದೆ.

ಮೊದಲನೆಯದು ಬಾಗಲಕೋಟೆಯಿಂದ ಗುಳೇದಗುಡ್ಡದ ಮೇಲಿಂದ ಬಾದಾಮಿ. ಸುಮಾರು 45 ಕಿ.ಮೀ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಒಂದು ಭಾಗ ಮುಳುಗಿತು. ಮನೆ ಕಳೆದುಕೊಂಡವರಿಗಾಗಿ ಕಟ್ಟಿದ್ದೇ ನವನಗರ. ಗುಳೇದಗುಡ್ಡ ಖಣಗಳಿಗೆ ಹೆಸರಾದ ನೇಕಾರರ ಊರು. ಅಲ್ಲಿಂದ ಮುಂದೆ ಕೆಂಪು ಮರಳುಗಲ್ಲಿನ ಗುಡ್ಡಗಳು ಜೊತೆಯಾಗುತ್ತವೆ.

ಎರಡನೆಯದು ಬಾದಾಮಿ, ಪಟ್ಟದಕಲ್ಲು, ಐಹೊಳೆ. ಒಟ್ಟು ಸುಮಾರು 35 ಕಿ.ಮೀ. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಪಟ್ಟದಕಲ್ಲು 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ರಚಿಸಿದ 634ರ ಶಾಸನ ಇದೆ. ಮಧ್ಯಕಾಲದಲ್ಲಿ ದಕ್ಷಿಣ ಭಾರತದ ಉದ್ದಗಲ ವ್ಯಾಪಾರ ಮಾಡುತ್ತಿದ್ದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘದ ಹೆಸರು ಬಂದಿದ್ದು ಇದೇ ಊರಿನಿಂದ. ಅಂದರೆ ದೂರದ ದಾರಿ ಸವೆಸುವುದು ಈ ಊರಿಗೆ ಸಾವಿರ ವರ್ಷದ ರೂಢಿ.

ಮೂರನೆಯದು ಐಹೊಳೆಯಿಂದ ಕರದಂಟಿನ ಅಮೀನಗಡ, ಅಲ್ಲಿಂದ ಹುನಗುಂದ. ಪಕ್ಕಕ್ಕೆ ಹೊರಳಿದರೆ ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮ. ಇಲ್ಲಿ ಎರೆ ಹೊಲಗಳ ರಾಜ್ಯ.

ನಾಲ್ಕನೆಯದು ಹುನಗುಂದದಿಂದ ಇಳಕಲ್ಲ. ಹತ್ತು ಹನ್ನೆರಡು ಕಿ.ಮೀ. ಮಾತ್ರ. ಸೀರೆಯ ಊರು, ಕೆಂಪು ಗ್ರಾನೈಟಿನ ಊರು. ಆದರೆ ಇವೆರಡು ಊರುಗಳನ್ನು ಜೋಡಿಸುವುದು ರಾಷ್ಟ್ರೀಯ ಹೆದ್ದಾರಿ 50. ಲಾರಿಗಳು ಬಿರುಸಾಗಿ ಓಡುವ ಈ ರಸ್ತೆ ಸೈಕಲ್ಲಿಗೆ ತಕ್ಕದ್ದಲ್ಲ. ಹಳ್ಳಿ ರಸ್ತೆಗಳನ್ನು ಕೇಳಿಕೊಂಡು ಹೋಗಬೇಕು.

ಹೇಳಿಕೆ 1: ಇದಕ್ಕೆ ಲಕ್ಷ ರೂಪಾಯಿಯ ಸೈಕಲ್ಲೇ ಬೇಕು, ಟೈರ್ ಕಲ್ಲಿನಂತೆ ಗಟ್ಟಿಯಿರಬೇಕು

ಎರಡೂ ತಪ್ಪು.

ಮೊದಲು ಗಾಳಿಯ ವಿಷಯ. ‘ಫುಲ್ ಗಾಳಿ ಹೊಡೀರಿ’ ಎಂದು ಪಂಕ್ಚರ್ ಅಂಗಡಿಯಲ್ಲಿ ನಾವೆಲ್ಲ ಹೇಳುತ್ತೇವೆ. ನುಣುಪಾದ ಡಾಂಬರಿನ ಮೇಲೆ ಗಟ್ಟಿ ಟೈರ್ ಹಗುರವಾಗಿ ಉರುಳುವುದು ನಿಜ. ಗರಸಿನ ಮೇಲೆ ಲೆಕ್ಕ ಬೇರೆ. ಪ್ರತಿ ಕಲ್ಲಿಗೂ ಗಟ್ಟಿ ಟೈರ್ ಪುಟಿಯುತ್ತದೆ. ಪುಟಿದಾಗಲೆಲ್ಲ ಸೈಕಲ್ಲನ್ನೂ ನಿಮ್ಮನ್ನೂ ಚೂರು ಮೇಲಕ್ಕೆ ಎತ್ತುತ್ತದೆ. ಎತ್ತಲು ಬೇಕಾದ ಶಕ್ತಿ ಬಂದಿದ್ದು ನಿಮ್ಮ ಕಾಲಿನಿಂದ. ಮುಂದಕ್ಕೆ ಹೋಗಬೇಕಾದ ಶಕ್ತಿ ಹೀಗೆ ಮೇಲಕ್ಕೆ ಹೋಗಿ ಹಾಳಾಗುತ್ತದೆ. ಗಾಳಿ ಸ್ವಲ್ಪ ಕಡಿಮೆಯಿದ್ದರೆ ಟೈರ್ ಕಲ್ಲನ್ನು ತನ್ನೊಳಗೆ ತೆಗೆದುಕೊಂಡು ಸಾಗುತ್ತದೆ.

ಹಿಡಿತವೂ ಹೆಚ್ಚುತ್ತದೆ. ಟೈರ್ ನೆಲವನ್ನು ಮುಟ್ಟುವ ಜಾಗ ಎಷ್ಟು ಎಂಬುದನ್ನು ಅದರ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿ ಅಂದಾಜು ಮಾಡಬಹುದು. ಹಿಂದಿನ ಚಕ್ರದ ಮೇಲೆ 45 ಕಿಲೊ ಭಾರವಿದೆ ಎನ್ನೋಣ. ಒತ್ತಡ 60 ಪಿಎಸ್‌ಐ ಇದ್ದರೆ ನೆಲ ಮುಟ್ಟುವ ಜಾಗ ಸುಮಾರು 11 ಚದರ ಸೆಂಟಿಮೀಟರ್. 30 ಪಿಎಸ್‌ಐ ಇದ್ದರೆ ಅದರ ಎರಡರಷ್ಟು. ಸಡಿಲ ಮರಳಿನಲ್ಲಿ ಚಕ್ರ ಹೂತುಕೊಳ್ಳದೆ ಇರಲು ಈ ಅಗಲವೇ ಕಾರಣ.

ಹಾಗೆಂದು ಗಾಳಿಯನ್ನು ಪೂರ್ತಿ ಇಳಿಸಬೇಡಿ. ತೀರಾ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಕತ್ತರಿಸುತ್ತದೆ. ಟೈರಿನ ಬದಿಯಲ್ಲಿ ಕನಿಷ್ಠ, ಗರಿಷ್ಠ ಮಿತಿ ಬರೆದಿರುತ್ತಾರೆ. ಆ ಮಿತಿಯೊಳಗೆ ಕೆಳಗಿನ ಅಂಚಿಗೆ ಹತ್ತಿರ ಇಟ್ಟುಕೊಳ್ಳಿ.

ಇನ್ನು ಬೆಲೆ. ಬ್ರೇಕ್ ಸರಿಯಾಗಿ ಹಿಡಿಯಬೇಕು, ಟೈರ್ ತುಸು ಅಗಲವಿರಬೇಕು, ಸೀಟು ನಿಮ್ಮ ಎತ್ತರಕ್ಕೆ ಹೊಂದಬೇಕು. ಇಷ್ಟಿದ್ದರೆ ಮನೆಯಲ್ಲಿರುವ ಸಾಮಾನ್ಯ ಸೈಕಲ್ಲೇ ಸಾಕು. ಹಣ ಖರ್ಚು ಮಾಡುವುದಿದ್ದರೆ ಎರಡು ಹೆಚ್ಚುವರಿ ಟ್ಯೂಬ್, ಪಂಕ್ಚರ್ ಪಟ್ಟಿ, ಒಂದು ಸಣ್ಣ ಪಂಪಿಗೆ ಮಾಡಿ. ಏಕೆಂದರೆ ಈ ದಾರಿಯಲ್ಲಿ ಸೈಕಲ್ಲಿನ ನಿಜವಾದ ಶತ್ರು ಕಲ್ಲಲ್ಲ, ಜಾಲಿಮುಳ್ಳು.

ಹೇಳಿಕೆ 2: ಹೊಳೆ ದಂಡೆ ಎಂದರೆ ಸಮತಟ್ಟು, ಯಾವ ಕಾಲದಲ್ಲೂ ಹೋಗಬಹುದು

ನಕ್ಷೆಯಲ್ಲಿ ದಾರಿ ಒಂದೇ ಗೆರೆ. ನೆಲದ ಮೇಲೆ ಅದು ಮೂರು ನಾಲ್ಕು ಬಗೆಯ ಮಣ್ಣು.

ಬಾದಾಮಿಯ ಸುತ್ತ ಇರುವುದು ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳು ಗಟ್ಟಿಯಾಗಿ ಆದ ಬಂಡೆ. ಕಬ್ಬಿಣದ ಆಕ್ಸೈಡ್ ಸೇರಿದ್ದರಿಂದ ಕೆಂಪು ಬಣ್ಣ. ಬಿಸಿಲು ಮಳೆಗೆ ಬಂಡೆ ಸವೆದರೆ ಮತ್ತೆ ಮರಳೇ ಆಗುತ್ತದೆ. ತಿರುವುಗಳಲ್ಲಿ, ತಗ್ಗುಗಳಲ್ಲಿ ಈ ಸಡಿಲ ಮರಳು ಕೂಡಿಕೊಳ್ಳುತ್ತದೆ. ಅಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಮುಂಚಕ್ರ ಜಾರಿ ಬೀಳುವುದು ಖಚಿತ. ತಿರುವಿಗೆ ಮೊದಲೇ ವೇಗ ಇಳಿಸಿ.

ಹುನಗುಂದದ ಕಡೆ ಇರುವುದು ಎರೆ ಮಣ್ಣು. ಇದರಲ್ಲಿರುವ ಜೇಡಿಯ ಕಣಗಳು ತೆಳು ಹಾಳೆಗಳನ್ನು ಪೇರಿಸಿಟ್ಟಂತೆ ಇರುತ್ತವೆ. ಮಳೆ ಬಂದಾಗ ನೀರು ಹಾಳೆಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಜೋಳ ಬೆಳೆಯುವ ರೈತರಿಗೆ ಈ ಮಣ್ಣು ಬಂಗಾರ. ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಸೈಕಲ್ಲಿಗೆ? ಹದ ಮಳೆಯೊಂದು ಬಿದ್ದರೆ ಸಾಕು, ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರ ತಿರುಗುವುದೇ ನಿಲ್ಲುತ್ತದೆ. ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಬಿರಿದ ಬೇಸಿಗೆಯಲ್ಲಿ ಸಣ್ಣ ಟೈರ್ ಬಿರುಕಿಗೆ ಸಿಕ್ಕಿಕೊಳ್ಳುತ್ತದೆ.

ಬಾಗಲಕೋಟೆಯ ಹಿನ್ನೀರಿನ ಅಂಚಿನಲ್ಲಿ ಇನ್ನೊಂದು ಅಪಾಯ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹೊರಬರುವ ನೆಲ ಮೇಲೆ ಒಣಗಿ ಗಟ್ಟಿಯಾಗಿ ಕಾಣುತ್ತದೆ. ಕೆಳಗೆ ಇನ್ನೂ ಹಸಿ ಕೆಸರು ಇರುತ್ತದೆ. ಫೋಟೊಗೆ ಚೆಂದ ಎಂದು ನೀರಿನ ಅಂಚಿಗೆ ಸೈಕಲ್ ಇಳಿಸಬೇಡಿ.

ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಂಗಾರಿನಲ್ಲಿ ಇಲ್ಲಿ ಪಡುವಣ ಗಾಳಿ ಜೋರು. ಬಾದಾಮಿಯಿಂದ ಕೂಡಲಸಂಗಮಕ್ಕೆ ಅದು ಬೆನ್ನಿಗೆ ಬಂದು ತಳ್ಳುತ್ತದೆ. ‘ಇಷ್ಟು ಸಲೀಸೇ!’ ಎನಿಸುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಗೊತ್ತಾಗುತ್ತದೆ ಅಸಲು ಸಂಗತಿ. ಸವಾರಿಗೆ ಅನುಕೂಲವಾದ ಕಾಲ ನವೆಂಬರಿನಿಂದ ಫೆಬ್ರುವರಿ. ಹೊಲದಲ್ಲಿ ಹಿಂಗಾರಿ ಜೋಳ ನಿಂತಿರುತ್ತದೆ, ದಾರಿ ಒಣಗಿರುತ್ತದೆ, ಬಿಸಿಲು ತಡೆಯುವಂತಿರುತ್ತದೆ.

ಹೇಳಿಕೆ 3: ಇಲ್ಲಿ ಮಳೆ ಇಲ್ಲ, ಹಾಗಾಗಿ ಹೊಳೆ ಶಾಂತ

ಇದು ಪ್ರಾಣಕ್ಕೇ ಕುತ್ತು ತರುವ ತಪ್ಪು ತಿಳಿವಳಿಕೆ.

ಬಾಗಲಕೋಟೆ ಮಳೆನೆರಳಿನ ಪ್ರದೇಶ. ಆದರೆ ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದ ಸುರಿಮಳೆಯ ನಡುವೆ. ಆ ನೀರು ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿ ತುಂಬಿದರೆ ಗೇಟು ತೆರೆಯುತ್ತಾರೆ. ಬಾದಾಮಿಯಲ್ಲಿ ಆಕಾಶ ನೀಲಿಯಾಗಿಯೇ ಇದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಆಗಿದ್ದು ಇದೇ. ಮಲಪ್ರಭೆಯ ಪ್ರವಾಹ ಬಾದಾಮಿ, ಹುನಗುಂದ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನೀರು ನಿಂತಿತು. ಸಂಗಮದ ಕಡೆ ಇನ್ನೂ ಎಚ್ಚರ ಬೇಕು. ಅಲ್ಲಿ ಮಲಪ್ರಭೆಯ ಜೊತೆಗೆ ಆಲಮಟ್ಟಿಯಿಂದ ಬಿಡುವ ಕೃಷ್ಣೆಯ ನೀರೂ ಸೇರುತ್ತದೆ.

ಸೇತುವೆಯ ಮೇಲೆ ‘ಬರೀ ಪಾದ ಮುಳುಗುವಷ್ಟು’ ನೀರು ಹರಿಯುತ್ತಿದ್ದರೆ ದಾಟಬಹುದಲ್ಲ ಎಂದು ಹಲವರು ಕೇಳುತ್ತಾರೆ. ಬೇಡ. ಹರಿಯುವ ನೀರಿನ ಬಲ ಅದರ ವೇಗದ ವರ್ಗದಷ್ಟು ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ರಭಸದಿಂದ ಹರಿಯುವ ನೀರು ಕೇವಲ 15 ಸೆಂ.ಮೀ. ಆಳವಿದ್ದರೂ ದೊಡ್ಡವರನ್ನು ಬೀಳಿಸಬಲ್ಲದು. 30 ಸೆಂ.ಮೀ. ಇದ್ದರೆ ಸಣ್ಣ ಕಾರನ್ನೇ ತೇಲಿಸಿಕೊಂಡು ಹೋಗಬಲ್ಲದು. ಸೈಕಲ್ಲಿನ ಚಕ್ರಗಳು ನೀರಿಗೆ ಅಡ್ಡವಾಗಿ ನಿಂತು ತಳ್ಳುವಿಕೆಯನ್ನು ಇನ್ನೂ ಹೆಚ್ಚಿಸುತ್ತವೆ. ಕೆಂಪು ನೀರಿನ ಕೆಳಗೆ ಸೇತುವೆಯ ಅಂಚು ಎಲ್ಲಿದೆ, ರಸ್ತೆ ಕೊಚ್ಚಿಹೋಗಿದೆಯೇ ಎಂಬುದು ಕಾಣುವುದಿಲ್ಲ.

ಮೊಬೈಲಿನ ನಕ್ಷೆಗೆ ದಾರಿ ಗೊತ್ತು. ಇವತ್ತಿನ ನೀರಿನ ಮಟ್ಟ ಗೊತ್ತಿಲ್ಲ. ಅದು ಗೊತ್ತಿರುವುದು ದಂಡೆಯ ಊರಿನವರಿಗೆ. ಜುಲೈಯಿಂದ ಅಕ್ಟೋಬರ್‌ವರೆಗೆ ಕೆಳಮಟ್ಟದ ಸೇತುವೆ, ಬಾಂದಾರಗಳ ದಾರಿ ಹಿಡಿಯುವ ಮೊದಲು ಅವರನ್ನು ಕೇಳಿ. ‘ಹೋಗಬ್ಯಾಡ್ರಿ’ ಎಂದರೆ ಹಿಂತಿರುಗಿ.

ಹೇಳಿಕೆ 4: ಜೇಬಿನಲ್ಲಿ ಈರುಳ್ಳಿ ಇದ್ದರೆ ಬಿಸಿಲು ತಾಗುವುದಿಲ್ಲ

ಸುಳ್ಳು. ನಾವೇ ಸಾಕ್ಷಿ.

ನಮ್ಮ ದೇಹ ಒಂದು ಒಲೆಯಂತೆ. ನೀವು ಪೆಡಲ್ ಮೇಲೆ 100 ವ್ಯಾಟ್ ಶಕ್ತಿ ಹಾಕಬೇಕಾದರೆ ದೇಹ ಸುಮಾರು 400 ವ್ಯಾಟ್ ಖರ್ಚು ಮಾಡುತ್ತದೆ. ಮಿಕ್ಕ 300 ವ್ಯಾಟ್ ಶಾಖವಾಗಿ ಒಳಗೇ ಹುಟ್ಟುತ್ತದೆ. ಅಂದರೆ 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆಯ ಮೂರನೇ ಒಂದು ಭಾಗದಷ್ಟು ಬಿಸಿ ನಿಮ್ಮ ಮೈಯೊಳಗೆ ನಿರಂತರವಾಗಿ ಉತ್ಪತ್ತಿಯಾಗುತ್ತಿರುತ್ತದೆ. ಇದು ಹೊರಹೋಗಬೇಕು.

ಹೊರಗಿನ ಗಾಳಿ ಮೈಗಿಂತ ತಂಪಾಗಿದ್ದರೆ ಶಾಖ ತಾನಾಗಿ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಆಗ ಗಾಳಿಯೇ ಮೈಯನ್ನು ಬಿಸಿ ಮಾಡುತ್ತದೆ. ಉಳಿಯುವ ದಾರಿ ಒಂದೇ, ಬೆವರು ಆರುವುದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 24 ಲಕ್ಷ ಜೂಲ್ ಶಾಖ ಹೊತ್ತೊಯ್ಯುತ್ತದೆ. ಲೆಕ್ಕ ಹಾಕಿದರೆ, ಪೆಡಲ್ ತುಳಿಯುವ ಶಾಖವನ್ನು ಕಳೆಯಲಷ್ಟೇ ಗಂಟೆಗೆ ಹತ್ತಿರ ಹತ್ತಿರ ಅರ್ಧ ಲೀಟರ್ ಬೆವರು ಬೇಕು. ಸೂರ್ಯನ ಬಿಸಿಲು, ಕಾದ ನೆಲದ ಬಿಸಿ ಇದರ ಮೇಲೆ. ವರದಿಗಳಲ್ಲಿ ಬರುವ ಉಷ್ಣಾಂಶ ನೆರಳಿನಲ್ಲಿ ಅಳೆದದ್ದು ಎಂಬುದೂ ನೆನಪಿರಲಿ.

ಬೆನ್ನಿಗೆ ಗಾಳಿ ಇರುವಾಗ ಮೋಸ ಹೋಗುತ್ತೇವೆ. ಗಂಟೆಗೆ 15 ಕಿ.ಮೀ. ವೇಗದ ಗಾಳಿ ಹಿಂದಿನಿಂದ ಬೀಸುತ್ತಿದ್ದು, ನೀವೂ 15 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದರೆ ನಿಮ್ಮ ಮೈಗೆ ಗಾಳಿಯೇ ತಾಗುವುದಿಲ್ಲ. ಸವಾರಿ ಸಲೀಸು, ಆದರೆ ಬೆವರು ಆರುವುದಿಲ್ಲ.

ಈರುಳ್ಳಿ ಈ ಯಾವ ಕೆಲಸವನ್ನೂ ಮಾಡುವುದಿಲ್ಲ. ಜೇಬಿನಲ್ಲಿ ಕೂತ ಗಡ್ಡೆ ಬಟ್ಟೆ ದಾಟಿ ಬಂದು ದೇಹದ ಶಾಖ ಹೀರುವುದಿಲ್ಲ. ಸಂಜೆಗೆ ಬಾಡಿದ್ದು ಕಂಡರೆ ‘ನೋಡಿ, ಬಿಸಿಲನ್ನೆಲ್ಲ ಹೀರಿಕೊಂಡಿದೆ’ ಎನ್ನುವವರಿದ್ದಾರೆ. ಅದು ತನ್ನ ನೀರು ತಾನು ಕಳೆದುಕೊಂಡಿದೆ, ಅಷ್ಟೆ. ಊಟದಲ್ಲಿ ಈರುಳ್ಳಿ ತಿನ್ನಿ, ಒಳ್ಳೆಯದೇ. ಬಿಸಿಲಿಗೆ ಮಾತ್ರ ತಲೆಗೆ ಬಟ್ಟೆ, ತೆಳು ಹತ್ತಿಯ ತೋಳಂಗಿ, ನೆರಳಿನಲ್ಲಿ ವಿಶ್ರಾಂತಿ ಬೇಕು. ಬೆಳಗಿನ ಜಾವ ಹೊರಟು 11 ಗಂಟೆಯೊಳಗೆ ಸವಾರಿ ಮುಗಿಸಿ. ಉಳಿದಿದ್ದರೆ ನಾಲ್ಕರ ಮೇಲೆ.

ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ‘ಇನ್ನೈದು ಕಿ.ಮೀ. ಅಷ್ಟೆ’ ಎಂದು ಮುಂದುವರಿಯಬೇಡಿ. ಮಾತು ತೊದಲುತ್ತಿದ್ದರೆ, ಗೊಂದಲವಾಗಿ ವರ್ತಿಸುತ್ತಿದ್ದರೆ, ಪ್ರಜ್ಞೆ ತಪ್ಪಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ. ತಡಮಾಡದೆ 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಕಾಯುತ್ತ ಕೂರಬೇಡಿ. ನೆರಳಿಗೆ ಒಯ್ದು, ಮೈಮೇಲೆಲ್ಲ ನೀರು ಸುರಿದು, ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ನಮ್ಮ ಗೆಳೆಯರಿಗೆ ಪ್ರಜ್ಞೆ ಇತ್ತು, ಮಾತು ಸ್ಪಷ್ಟವಿತ್ತು. ಅಜ್ಜಿ ಮಾಡಿದ್ದು ಸರಿಯಾದ ಪ್ರಥಮ ಚಿಕಿತ್ಸೆಯೇ ಆಗಿತ್ತು.

ಹೇಳಿಕೆ 5: ನೀರು ಎಷ್ಟು ಕುಡಿದರೂ ಒಳ್ಳೆಯದೇ

ಅರ್ಧ ನಿಜ. ನೀರು ಬೇಕೇ ಬೇಕು. ಆದರೆ ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ಬೆವರು ಸುರಿಸುತ್ತ, ಬಾಯಾರಿಕೆ ಇಲ್ಲದಿದ್ದರೂ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಆಗಲೂ ತಲೆನೋವು, ವಾಂತಿ, ಗೊಂದಲ ಕಾಣಿಸುತ್ತವೆ. ಅದನ್ನು ಬಿಸಿಲಿನ ಬಾಧೆ ಎಂದುಕೊಂಡು ಇನ್ನಷ್ಟು ನೀರು ಕುಡಿಸಿದರೆ ಅಪಾಯ ಹೆಚ್ಚುತ್ತದೆ.

ಬಾಯಾರಿದಾಗ ಕುಡಿಯಿರಿ, ಸ್ವಲ್ಪ ಸ್ವಲ್ಪವಾಗಿ. ಉಪ್ಪು ಹಾಕಿದ ಮಜ್ಜಿಗೆ ಈ ಸೀಮೆಯಲ್ಲಿ ಎಲ್ಲಿ ಕೇಳಿದರೂ ಸಿಗುತ್ತದೆ. ಔಷಧ ಅಂಗಡಿಯ ಒಆರ್‌ಎಸ್ ಪುಡಿ ಇದ್ದರೆ ಇನ್ನೂ ಒಳ್ಳೆಯದು. ಅದು ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಚಮಚ ಎಂದರೆ ಚಹಾ ಚಮಚ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಹೊರಡಿ.

ನದಿಯ ನೀರನ್ನು ನೇರವಾಗಿ ಕುಡಿಯಬೇಡಿ. ತಿಳಿಯಾಗಿ ಕಂಡರೆ ಶುದ್ಧ ಎಂದರ್ಥವಲ್ಲ. ಕಾಯಿಲೆ ತರುವ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವುದಿಲ್ಲ.

ಹೇಳಿಕೆ 6: ಸೈಕಲ್ ತುಳಿದರೆ ಮಂಡಿ ಸವೆಯುತ್ತದೆ, ಹೆಣ್ಣುಮಕ್ಕಳಿಗಂತೂ ಬೇಡವೇ ಬೇಡ

ಓಡುವಾಗ ಪ್ರತಿ ಹೆಜ್ಜೆಗೂ ಮೈಭಾರ ಮಂಡಿಯ ಮೇಲೆ ಬಡಿಯುತ್ತದೆ. ಸೈಕಲ್ಲಿನಲ್ಲಿ ಹೆಚ್ಚಿನ ಭಾರವನ್ನು ಸೀಟು ಹೊರುತ್ತದೆ. ಅದಕ್ಕೇ ಮಂಡಿನೋವು ಇರುವವರಿಗೂ ವೈದ್ಯರು ಹಲವು ಬಾರಿ ಸೈಕಲ್ ವ್ಯಾಯಾಮ ಹೇಳುತ್ತಾರೆ. ನೋವು ಬರುವುದು ಹೆಚ್ಚಾಗಿ ಸೀಟಿನ ಎತ್ತರ ತಪ್ಪಿದ್ದರಿಂದ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ತುಸುವೇ ಮಡಿಸಿರಬೇಕು. ಸೀಟು ತಗ್ಗಾಗಿದ್ದರೆ ಮಂಡಿ ವಿಪರೀತ ಮಡಿಸಿ ಮುಂಭಾಗ ನೋಯುತ್ತದೆ. ನಮ್ಮಲ್ಲಿ ‘ಕಾಲು ನೆಲಕ್ಕೆ ಮುಟ್ಟಲಿ’ ಎಂದು ಸೀಟು ಇಳಿಸುವುದು ರೂಢಿ. ತಪ್ಪು ಅಲ್ಲೇ ಇದೆ.

ಹೆಣ್ಣುಮಕ್ಕಳು ಸೈಕಲ್ ತುಳಿದರೆ ‘ಕನ್ಯಾಪೊರೆ ಹರಿಯುತ್ತದೆ’, ‘ಮದುವೆಗೆ ತೊಂದರೆ’ ಎಂಬ ಪಿಸುಮಾತು ಇನ್ನೂ ನಿಂತಿಲ್ಲ. ಆ ಪೊರೆಯ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅದರಿಂದ ಯಾರ ಬಗ್ಗೆಯೂ ಏನನ್ನೂ ಹೇಳಲಾಗುವುದಿಲ್ಲ. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2018ರಲ್ಲಿ ಸ್ಪಷ್ಟಪಡಿಸಿವೆ. ಮುಟ್ಟಿನ ದಿನಗಳಲ್ಲೂ ಮೈ ಒಪ್ಪಿದರೆ ಸೈಕಲ್ ತುಳಿಯಬಹುದು. ಇಂಥ ಒಂದು ಪಿಸುಮಾತಿಗೆ ಹೆದರಿ ಮನೆಯವರು ಸೈಕಲ್ ಬಿಡಿಸಿದರೆ ಆ ಹುಡುಗಿಗೆ ತಪ್ಪುವುದು ಸವಾರಿಯಷ್ಟೇ ಅಲ್ಲ, ಶಾಲೆಯೂ ತಪ್ಪಬಹುದು.

ಐಹೊಳೆಯ ಕೆಂಪು ನೀರು

ಪರಶುರಾಮ ಕೊಡಲಿ ತೊಳೆದಾಗ ಹೊಳೆ ಕೆಂಪಾಯಿತು, ಕಂಡವರು ‘ಅಯ್ಯೋ ಹೊಳೆ’ ಎಂದರು, ಹಾಗಾಗಿ ಐಹೊಳೆ ಎಂಬ ಕಥೆಯನ್ನು ದಾರಿಯಲ್ಲಿ ನೀವು ಕೇಳುತ್ತೀರಿ. ಕಥೆಯನ್ನು ಕಥೆಯಾಗಿ ಸವಿಯಿರಿ. ಮಳೆ ಬಿದ್ದಾಗ ಹೊಳೆ ಕೆಂಪಾಗುವುದು ಕಬ್ಬಿಣದ ಅಂಶವುಳ್ಳ ಕೆಂಪು ಮಣ್ಣು ಕೊಚ್ಚಿ ಬರುವುದರಿಂದ. ಹೆಸರಿನ ವಿಷಯಕ್ಕೆ ಬಂದರೆ, ಶಾಸನಗಳಲ್ಲಿ ಈ ಊರು ‘ಅಯ್ಯಾವೊಳೆ’ ಎಂದೇ ಕಾಣಿಸುತ್ತದೆ.

ಆ ಕೆಂಪು ಮರಳುಗಲ್ಲಿನ ಬಗ್ಗೆ ಒಂದು ಮಾತು. ಅದು ಗ್ರಾನೈಟಿನಷ್ಟು ಗಟ್ಟಿಯಲ್ಲ. ಉಗುಳು, ಗೀಚು, ಹೆಸರು ಕೆತ್ತುವುದು ಎಲ್ಲವೂ ಅದನ್ನು ಸವೆಸುತ್ತವೆ. ಸೈಕಲ್ಲನ್ನು ಗುಡಿಯ ಕಂಬಕ್ಕೆ ಆನಿಸಬೇಡಿ. ಬಾದಾಮಿಯಲ್ಲಿ ಹ್ಯಾಂಡಲ್ಲಿಗೆ ತಿಂಡಿಯ ಚೀಲ ನೇತುಹಾಕಬೇಡಿ, ಮಂಗಗಳು ಬಿಡುವುದಿಲ್ಲ.

ಹೊರಡುವ ಮುನ್ನ, ಫಾರ್ವರ್ಡ್ ಮಾಡುವ ಮುನ್ನ

1. ಸಂದೇಶದಲ್ಲಿ ಯಾವ ತಿಂಗಳ ದಾರಿ ಎಂದು ಬರೆದಿದೆಯೇ? ಜನವರಿಯ ಫೋಟೊ ನೋಡಿ ಏಪ್ರಿಲ್‌ನಲ್ಲಿ ಹೊರಡಬೇಡಿ.

2. ದೂರ ಎಷ್ಟು, ನೀರು ಎಲ್ಲೆಲ್ಲಿ ಸಿಗುತ್ತದೆ ಎಂದಿದೆಯೇ? ಮೊದಲ ಸಲ ಹೋಗುವವರಿಗೆ ಬಾದಾಮಿಯಿಂದ ಐಹೊಳೆವರೆಗಿನ 35 ಕಿ.ಮೀ. ಒಂದು ದಿನಕ್ಕೆ ಸಾಕಷ್ಟಾಯಿತು.

3. ಬಾಗಲಕೋಟೆ, ಬಾದಾಮಿ ಎರಡೂ ಕಡೆ ರೈಲು ನಿಲ್ದಾಣವಿದೆ. ಬಾದಾಮಿ ನಿಲ್ದಾಣದಿಂದ ಊರಿಗೆ ಸುಮಾರು 5 ಕಿ.ಮೀ. ಒಂದು ಕಡೆಗೆ ಸೈಕಲ್, ಇನ್ನೊಂದು ಕಡೆಗೆ ರೈಲು ಎಂದು ಯೋಚಿಸಿ.

4. ಒಬ್ಬರೇ ಹೋಗಬೇಡಿ. ಎಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮುಟ್ಟುತ್ತೀರಿ ಎಂದು ಮನೆಯಲ್ಲಿ ಹೇಳಿ.

5. ‘ಎಲ್ಲ ಗ್ರೂಪ್‌ಗಳಿಗೂ ಕಳಿಸಿ’ ಎಂಬ ಸಾಲು ಕಂಡರೆ ಒಂದು ನಿಮಿಷ ನಿಲ್ಲಿ. ಬರೆದವರು ಆ ದಾರಿಯಲ್ಲಿ ಹೋಗಿದ್ದಾರೆಯೇ ಎಂದು ಕೇಳಿ.

ನಾವು ಆ ದಿನ ಕೂಡಲಸಂಗಮ ಮುಟ್ಟಲಿಲ್ಲ. ಬಿಸಿಲು ಇಳಿಯುವವರೆಗೆ ಅಜ್ಜಿಯ ಮನೆಯ ಕಟ್ಟೆಯ ಮೇಲೆ ಮಲಗಿದ್ದೆವು. ಸಂಜೆ ಟಂಟಂ ಒಂದರಲ್ಲಿ ಸೈಕಲ್ ಹೇರಿಕೊಂಡು ಬಾದಾಮಿಗೆ ವಾಪಸಾದೆವು. ಡಿಸೆಂಬರಿನಲ್ಲಿ ಮತ್ತೆ ಹೋದಾಗ ಬೆಳಿಗ್ಗೆ ಆರಕ್ಕೇ ಹೊರಟು, ತಲೆಗೆ ವಸ್ತ್ರ ಸುತ್ತಿಕೊಂಡು, ಎರಡು ದಿನದಲ್ಲಿ ಇಳಕಲ್ಲದವರೆಗೂ ಸಾಗಿದೆವು. ದಾರಿಯಲ್ಲಿ ಅಜ್ಜಿಯನ್ನು ಕಂಡು ಮಾತನಾಡಿಸಿದೆವು. ‘ಈ ಸಲ ಶ್ಯಾಣ್ಯಾ ಆಗೀರಿ’ ಎಂದು ನಕ್ಕರು.

ಅಂದಹಾಗೆ, ಜೇಬಿನ ಆ ಈರುಳ್ಳಿ ವ್ಯರ್ಥವಾಗಲಿಲ್ಲ. ಅವತ್ತು ಸಂಜೆ ಅಜ್ಜಿ ಅದನ್ನು ಗುದ್ದಿ, ರೊಟ್ಟಿಯ ಜೊತೆ ನಮಗೇ ಬಡಿಸಿದರು. ಈರುಳ್ಳಿಗೆ ಅದೇ ಸರಿಯಾದ ಜಾಗ.